ಹರವಿಯ ನೀರು, ಕೋಟೆಯ ನೆಗೆಟಿವ್

ಕಪ್ಪು-ಬಿಳುಪು ಫಿಲ್ಮ್ ತೊಳೆಯುವ ಶಾಸ್ತ್ರವೆಲ್ಲ 20 ಡಿಗ್ರಿ ಸೆಲ್ಸಿಯಸ್ಸಿನ ಮೇಲೆ ನಿಂತಿದೆ. ಫಿಲ್ಮ್ ಡಬ್ಬಿಯೊಳಗಿನ ಚೀಟಿಯಲ್ಲಿ ಅದೇ ಅಂಕಿ, ಡೆವಲಪರ್ ಪೊಟ್ಟಣದ ಬೆನ್ನ ಮೇಲೂ ಅದೇ ಅಂಕಿ. ಮೇ ತಿಂಗಳ ಮಧ್ಯಾಹ್ನ ಕಲಬುರಗಿಯಲ್ಲಿ ಮಾಳಿಗೆ ಮೇಲಿನ ಟಾಕಿಯ ನಳ ತಿರುಗಿಸಿದರೆ ಬರುವ ನೀರಿಗೂ ಆ ಅಂಕಿಗೂ ಸಂಬಂಧವೇ ಇಲ್ಲ. ಹೊರಗೆ 42-43 ಡಿಗ್ರಿ ಬಿಸಿಲು, ಕಪ್ಪು ಟಾಕಿಯಲ್ಲಿ ಕೈ ಇಡಲಾಗದ ನೀರು. ಅದರಲ್ಲಿ 4 ಇಂಚು ಅಗಲ, 5 ಇಂಚು ಉದ್ದದ ಒಂದು ಫಿಲ್ಮ್ ಹಾಳೆಯನ್ನು ಇಳಿಸಿದರೆ ಅದರ ಮೇಲಿನ ಜೆಲಟಿನ್ ಪದರು ಉಬ್ಬಿ ಮೆತ್ತಗಾಗುತ್ತದೆ, ಬೆರಳು ತಾಗಿದಲ್ಲಿ ಕಿತ್ತು ಬರುತ್ತದೆ. ಚಿತ್ರವಿರುವುದೆಲ್ಲ ಆ ಪದರಿನಲ್ಲೇ.

ಕೋಟೆಯ ಜಾಮಿ ಮಸೀದಿಯನ್ನು ದೊಡ್ಡ ಫಿಲ್ಮಿನಲ್ಲಿ ತೆಗೆದು ಮನೆಯ ಬಚ್ಚಲಲ್ಲೇ ತೊಳೆಯಬೇಕು ಅಂತ ಹಟ ಹಿಡಿದವನಿಗೆ ಕ್ಯಾಮೆರಾ, ಲೆನ್ಸು, ಬೆಳಕು ಎಲ್ಲಕ್ಕಿಂತ ಹೆಚ್ಚು ಕಾಡಿದ್ದು ನೀರು. ಅವನು ಈ ಊರಿನವನೇ. ಬ್ಯಾಂಕಿನಲ್ಲಿ ನೌಕರಿ, ರವಿವಾರಕ್ಕೊಮ್ಮೆ ಕೋಟೆ, ಉಳಿದ ಸಂಜೆಗಳಲ್ಲಿ ಅವ್ವನ ಬೈಗಳು. ಡಿಜಿಟಲ್ ಕ್ಯಾಮೆರಾ ಮನೆಮನೆಗೆ ಬಂದು, ಸ್ಟೇಷನ್ ರಸ್ತೆಯ ಸ್ಟುಡಿಯೋಗಳು ತಮ್ಮ ಕತ್ತಲೆ ಕೋಣೆಗಳನ್ನು ಝೆರಾಕ್ಸ್ ಅಂಗಡಿ ಮಾಡಿಕೊಳ್ಳುತ್ತಿದ್ದ ಹೊತ್ತಿನಲ್ಲಿ ಅವನು ತಿದಿ ಇರುವ ಕ್ಯಾಮೆರಾ ಹುಡುಕಿ ತಂದ. ಜನ ಒಂದು ಕಡೆ ಹೋಗುವಾಗ ತಾನು ಇನ್ನೊಂದು ಕಡೆ ಹೋಗುವ ಚಟ ಕೆಲವರಿಗೆ ಹುಟ್ಟಿನಿಂದಲೇ ಇರುತ್ತದೆ.

ದೊಡ್ಡ ಫಿಲ್ಮೇ ಯಾಕೆ ಎನ್ನುವುದಕ್ಕೆ ಮಸೀದಿಯೊಳಗೆ ಹೋಗಿ ನಿಂತರೆ ಉತ್ತರ ಸಿಗುತ್ತದೆ. ಬಹಮನಿ ರಾಜ್ಯ ಹುಟ್ಟಿದ್ದು 1347ರಲ್ಲಿ, ಮಸೀದಿಯ ಶಾಸನ 1367ರದು. 216 ಅಡಿ ಉದ್ದ, 176 ಅಡಿ ಅಗಲದ ಈ ಕಟ್ಟಡಕ್ಕೆ ಬೇರೆ ದೊಡ್ಡ ಮಸೀದಿಗಳಲ್ಲಿರುವ ತೆರೆದ ಅಂಗಳವಿಲ್ಲ, ಉದ್ದಗಲಕ್ಕೂ ಮಾಡು ಹಾಕಿದ್ದಾರೆ. ತಲೆಯ ಮೇಲೆ 5 ದೊಡ್ಡ ಗುಮ್ಮಟ, 75 ಸಣ್ಣ ಗುಮ್ಮಟ. ಬೆಳಕು ಮೇಲಿನಿಂದ ಬೀಳುವುದಿಲ್ಲ, ಬದಿಯ ಕಮಾನುಗಳಿಂದ ಅಡ್ಡಲಾಗಿ ನುಗ್ಗುತ್ತದೆ, ಕಂಬ ದಾಟಿದ ಹಾಗೆ ಸೋಲುತ್ತ ಹೋಗುತ್ತದೆ. ಕಮಾನಿನಾಚೆ ಬಿಸಿಲಿಗೆ ಬಿದ್ದ ಕಲ್ಲನ್ನೂ ಒಳಗಿನ ಮೂಲೆಯ ನೆರಳನ್ನೂ ಮೀಟರಿನಲ್ಲಿ ಅಳೆದರೆ ಸಾವಿರ ಪಟ್ಟಿನ ವ್ಯತ್ಯಾಸ ತೋರಿಸುವುದುಂಟು. ನೆರಳಿಗೆ ತಕ್ಕಂತೆ ಎಕ್ಸ್‌ಪೋಸ್ ಮಾಡಿದರೆ ಬಿಸಿಲು ಸುಣ್ಣವಾಗುತ್ತದೆ, ಬಿಸಿಲಿಗೆ ತಕ್ಕಂತೆ ಮಾಡಿದರೆ ಮಸೀದಿಯೇ ಮಾಯ.

ಇದಕ್ಕೆ ಫಿಲ್ಮಿನವರ ಬಳಿ ಹಳೆಯ ಮದ್ದೊಂದಿದೆ. ನೆರಳಿನ ವಿವರ ತೀರ್ಮಾನವಾಗುವುದು ಕ್ಯಾಮೆರಾದಲ್ಲಿ, ಬಿಸಿಲಿನ ವಿವರ ತೀರ್ಮಾನವಾಗುವುದು ಡೆವಲಪರಿನಲ್ಲಿ. ಆದ್ದರಿಂದ ನೆರಳಿಗೆ ಧಾರಾಳವಾಗಿ ಬೆಳಕು ಕೊಟ್ಟು, ತೊಳೆಯುವಾಗ ಸಮಯ ಕಡಿಮೆ ಮಾಡಿದರೆ ಎರಡೂ ತುದಿ ಉಳಿಯುತ್ತವೆ. ಛಾಯಾಗ್ರಾಹಕರಾದ ಆನ್ಸೆಲ್ ಆಡಮ್ಸ್ ಮತ್ತು ಫ್ರೆಡ್ ಆರ್ಚರ್ 1940ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಇದನ್ನೇ ಲೆಕ್ಕಕ್ಕಿಳಿಸಿ ಝೋನ್ ಸಿಸ್ಟಮ್ ಅಂತ ಹೆಸರಿಟ್ಟರು. ರೋಲ್ ಫಿಲ್ಮಿನಲ್ಲಿ ಈ ಸವಲತ್ತು ಇಲ್ಲ. ಮಸೀದಿಯ ಕತ್ತಲೆ, ಕಂದಕದ ಬಿಸಿಲು, ತಂಗಿಯ ಮಗಳ ಜವಳ ಎಲ್ಲ ಒಂದೇ ರೋಲಿನಲ್ಲಿ ಇರುತ್ತವೆ, ಎಲ್ಲಕ್ಕೂ ಒಂದೇ ಹಣೆಬರಹ. ಶೀಟ್ ಫಿಲ್ಮ್ ಹಾಗಲ್ಲ, ಒಂದೊಂದು ಹಾಳೆಗೂ ಬೇರೆ ಬೇರೆ ಸಮಯ ಕೊಡಬಹುದು. ಜೊತೆಗೆ ಕ್ಯಾಮೆರಾದ ಮುಂಭಾಗವನ್ನು ಮೇಲೆ ಕೆಳಗೆ ಸರಿಸಬಹುದಾದ್ದರಿಂದ ಸಾಲು ಕಮಾನುಗಳು ಹಿಂದಕ್ಕೆ ವಾಲದೆ ನೆಟ್ಟಗೆ ನಿಲ್ಲುತ್ತವೆ.

ಸ್ಟ್ಯಾಂಡ್ ನಿಲ್ಲಿಸಲು ಪುರಾತತ್ತ್ವ ಇಲಾಖೆಯ ಪರವಾನಗಿ ಬೇಕು, ಅದನ್ನು ಪಡೆಯುವ ಕತೆ ಇಲ್ಲಿ ಬೇಡ. ಪರವಾನಗಿ ಸಿಕ್ಕ ದಿನ ಕರಿ ಅರಿವೆ ಹೊದ್ದು, ಉಜ್ಜಿದ ಗಾಜಿನ ಮೇಲೆ ತಲೆಕೆಳಗಾಗಿ ಬಿದ್ದ ಕಮಾನುಗಳನ್ನು ಅವನು ನೋಡುತ್ತಿದ್ದರೆ ಸುತ್ತ ಹುಡುಗರು ನೆರೆದಿದ್ದರು. "ಯಾವ ಪಿಚ್ಚರಿನ ಶೂಟಿಂಗ್ ಅದ ರೀ ಅಂಕಲ್? ಹೀರೋ ಎಲ್ಲಿದ್ದಾನ?" ಒಳಗಿನ ಬೆಳಕಿಗೆ ಮೀಟರ್ 30 ಸೆಕೆಂಡ್ ಅಂದಿತ್ತು. ಅಷ್ಟು ದೀರ್ಘ ಎಕ್ಸ್‌ಪೋಷರಿನಲ್ಲಿ ಫಿಲ್ಮ್ ಮಂಕಾಗುತ್ತದೆ, ಬೆಳಕಿಗೆ ಸಮನಾಗಿ ಸ್ಪಂದಿಸುವುದಿಲ್ಲ. ಇಲ್ಫರ್ಡ್ ಎಫ್‌ಪಿ4 ಫಿಲ್ಮಿಗೆ ಕಂಪನಿ ಕೊಟ್ಟಿರುವ ಸೂತ್ರದ ಪ್ರಕಾರ ಆ 30 ಸೆಕೆಂಡನ್ನು ಒಂದು ನಿಮಿಷಕ್ಕೂ ಮೇಲೆ ಎಳೆಯಬೇಕು. ಅಷ್ಟು ಹೊತ್ತಿನಲ್ಲಿ ನಮಾಜಿಗೆ ಬಂದ ಹಿರಿಯರೊಬ್ಬರು ಕ್ಯಾಮೆರಾದ ಮುಂದೆಯೇ ನಡೆದು ಹೋದರೂ ಹಾಳೆಯ ಮೇಲೆ ಅವರ ಗುರುತು ಉಳಿಯಲಿಲ್ಲ. ನಡೆಯುವವರನ್ನು ಇಂಥ ಎಕ್ಸ್‌ಪೋಷರ್ ಲೆಕ್ಕಕ್ಕೇ ಹಿಡಿಯುವುದಿಲ್ಲ.

ತೊಳೆಯುವ ವಿದ್ಯೆಯನ್ನು ಅವನಿಗೆ ಹೇಳಿಕೊಟ್ಟವರು ಫೋಟೊದವರಲ್ಲ, ಆಸ್ಪತ್ರೆಯೊಂದರ ಎಕ್ಸ್-ರೇ ಕೋಣೆಯಲ್ಲಿ ವಯಸ್ಸು ಸವೆಸಿದ ಕಾಕಾ ಒಬ್ಬರು. ಎಲ್ಲ ಕಡೆ ಕಂಪ್ಯೂಟರ್ ಎಕ್ಸ್-ರೇ ಬರುವ ಮೊದಲು ಆಸ್ಪತ್ರೆ ಆಸ್ಪತ್ರೆಗೊಂದು ಕತ್ತಲೆ ಕೋಣೆ ಇರುತ್ತಿತ್ತು, ಅದರಲ್ಲಿ ಸಾಲಾಗಿ ಆಳದ ತೊಟ್ಟಿಗಳು: ಡೆವಲಪರ್, ನೀರು, ಚಿತ್ರವನ್ನು ಖಾಯಂ ಮಾಡುವ ಹೈಪೋ, ಮತ್ತೆ ನೀರು. ನಾಲ್ಕು ಮೂಲೆಗೂ ಕ್ಲಿಪ್ಪಿರುವ ಸ್ಟೀಲ್ ಚೌಕಟ್ಟಿಗೆ ಫಿಲ್ಮನ್ನು ಬಿಗಿದು ತೊಟ್ಟಿಯಲ್ಲಿ ಇಳಿಬಿಡುವುದು. ಯೋಚಿಸಿದರೆ ಶೀಟ್ ಫಿಲ್ಮ್ ತೊಳೆಯುವ ಅತಿ ಹಳೆಯ, ಅತಿ ಭರವಸೆಯ ಟ್ಯಾಂಕ್ ಪದ್ಧತಿ ಇದೇ. ದೊಡ್ಡ ದೊಡ್ಡ ಸ್ಟುಡಿಯೋಗಳೂ ಹೀಗೇ ಮಾಡುತ್ತಿದ್ದವು.

"ಪೈಲೆ ಅದ್ದಿದ ಕೂಡ್ಲೆ ಎರಡ್ ಸಲ ತೊಟ್ಟಿ ಅಂಚಿಗಿ ಕುಟ್ಟು ತಮ್ಮಾ, ಗಾಳಿಗುಳ್ಳಿ ಇದ್ರ ಹೋಗ್ತಾವ. ಆಮ್ಯಾಲ ಎತ್ತು, ಒಂದ್ ಮೂಲಿಗಿ ವಾಲಿಸಿ ಇಳಿಸು, ಮತ್ತ ಬಿಡು. ಮುಂದಿನ ಸಲ ಇನ್ನೊಂದ್ ಮೂಲಿಗಿ. ಅವಸರ ಮಾಡಬ್ಯಾಡ, ಮರೀಬ್ಯಾಡ, ಇಷ್ಟೇ ನೋಡು."

ಇಷ್ಟೇ, ಆದರೆ ಇದರಲ್ಲಿ ಎಲ್ಲವೂ ಇದೆ. ಡೆವಲಪರ್ ಹಾಳೆಯ ಮೇಲೆ ನಿಂತಲ್ಲೇ ನಿಂತರೆ ಬೆಳ್ಳಿ ಹೆಚ್ಚು ಇರುವಲ್ಲಿ ಬೇಗ ದಣಿಯುತ್ತದೆ, ಪಟ್ಟೆ ಬೀಳುತ್ತದೆ. ಒಂದೇ ಕಡೆ ಅಲ್ಲಾಡಿಸಿದರೆ ಚೌಕಟ್ಟಿನ ಕ್ಲಿಪ್ ಸುತ್ತ ಸುಳಿ ಎದ್ದು ಅಂಚುಗಳು ಕಪ್ಪಾಗುತ್ತವೆ. ನೀಲಿ ಆಕಾಶವಿರುವ ಚಿತ್ರದಲ್ಲಿ ಈ ದೋಷ ತಪ್ಪದೆ ಕಣ್ಣಿಗೆ ಹೊಡೆಯುತ್ತದೆ, ಕಲಬುರಗಿಯ ಆಕಾಶವೋ ವರ್ಷದಲ್ಲಿ ಬಹುಪಾಲು ಬೋಳು. ಕಾಕಾ ಇನ್ನೊಂದು ಗುಟ್ಟೂ ಹೇಳಿದ್ದರು. ಬಳಸಿದ ಹೈಪೋವನ್ನು ಚರಂಡಿಗೆ ಚೆಲ್ಲುತ್ತಿರಲಿಲ್ಲ, ಕೊಳ್ಳಲು ಜನ ಬರುತ್ತಿದ್ದರು, ಯಾಕೆಂದರೆ ಫಿಲ್ಮಿನಿಂದ ಕರಗಿದ ಬೆಳ್ಳಿಯೆಲ್ಲ ಅದರಲ್ಲೇ ಇರುತ್ತದೆ. ಜಾನ್ ಹರ್ಷಲ್ ಎಂಬ ವಿಜ್ಞಾನಿ ಹೈಪೋದ ಈ ಬೆಳ್ಳಿಯ ಲವಣ ಕರಗಿಸುವ ಗುಣವನ್ನು ಕಂಡದ್ದು 1819ರಲ್ಲಿ, ಫೋಟೊಗ್ರಫಿ ಹುಟ್ಟುವುದಕ್ಕೂ ಮೊದಲೇ.

ಆಸ್ಪತ್ರೆಯ ತೊಟ್ಟಿಗೆ ಹಿಡಿಯುವ ಹತ್ತಾರು ಲೀಟರ್ ಡೆವಲಪರ್ ಮನೆಯಲ್ಲಿ ಸಾಧ್ಯವಿಲ್ಲ. ಮನೆಯವರ ದಾರಿಗಳೇ ಬೇರೆ. ಅಗ್ಗದ್ದು ಟ್ರೇ: ಕತ್ತಲಲ್ಲಿ ಹಾಳೆಗಳನ್ನು ಒಂದರ ಮೇಲೊಂದು ಇಟ್ಟು, ಇಸ್ಪೀಟ್ ಎಲೆಯಂತೆ ಅಡಿಯದನ್ನು ಮೇಲಕ್ಕೆ ತೆಗೆಯುತ್ತ ಇರಬೇಕು. ಉಗುರು ತಾಗಿದರೆ ಗೀರು, ಸೆಕೆಯಲ್ಲಿ ಮುಚ್ಚಿದ ಬಚ್ಚಲಲ್ಲಿ ಹನ್ನೊಂದು ನಿಮಿಷ ಬೆವರು. ಎರಡನೆಯದು ಬೋರ್‌ವೆಲ್ಲಿನ ಪಿವಿಸಿ ಕೊಳವೆಯನ್ನು ತುಂಡು ಮಾಡಿ, ಎರಡೂ ಕಡೆ ಮುಚ್ಚಳ ಹಾಕಿ, ಒಳಗೆ ಹಾಳೆಯನ್ನು ಸುರುಳಿ ಮಾಡಿ ಇಡುವುದು. ಬೆನ್ನು ಕೊಳವೆಗೆ ಅಂಟಿಕೊಳ್ಳುವುದರಿಂದ ಅಲ್ಲಿರುವ ಬಣ್ಣದ ಪದರು ಪೂರ್ತಿ ತೊಳೆದು ಹೋಗದು, ಹೈಪೋದಲ್ಲಿ ಬಿಚ್ಚಿ ಮತ್ತೆ ಅದ್ದಬೇಕು. ಮೂರನೆಯದು ರೋಲ್ ಫಿಲ್ಮ್ ತೊಳೆಯುವ ಸಾದಾ ಪ್ಯಾಟರ್ಸನ್ ಟ್ಯಾಂಕಿನಲ್ಲೇ, ಹೆಣ್ಣುಮಕ್ಕಳು ಕೂದಲಿಗೆ ಹಾಕುವ ರಬ್ಬರ್ ಬ್ಯಾಂಡುಗಳಿಂದ ಹಾಳೆಯನ್ನು ಕರಿಗಡಬಿನ ಹಾಗೆ ಬಾಗಿಸಿ ನಿಲ್ಲಿಸುವುದು. ತಂಗಿಯ ಡಬ್ಬಿ ಖಾಲಿಯಾದದ್ದು ಆ ದಿನಗಳಲ್ಲಿ.

ಕೊನೆಗೆ ನಿಂತದ್ದು ಬ್ರಿಟನ್ನಿನಲ್ಲಿ ತಯಾರಾಗುವ ಮಾಡ್-54 ಎಂಬ ಪ್ಲಾಸ್ಟಿಕ್ ರೆಕ್ಕೆಯ ಹಿಡಿಕೆ. ಮೂರು ರೀಲ್ ಹಿಡಿಯುವ ಪ್ಯಾಟರ್ಸನ್ ಟ್ಯಾಂಕಿನಲ್ಲಿ ಅದು ಸರಿಯಾಗಿ ಕೂರುತ್ತದೆ, ಒಮ್ಮೆಗೆ 6 ಹಾಳೆ, 1 ಲೀಟರ್ ಡೆವಲಪರ್. ಮುಚ್ಚಳ ಬಿಗಿದ ಮೇಲೆ ದೀಪ ಹಾಕಿ ಕೆಲಸ ಮಾಡಬಹುದು, ಫ್ಯಾನ್ ಹಾಕಬಹುದು. ಈ ಊರಿನಲ್ಲಿ ಫ್ಯಾನಿನ ಮಹತ್ವವನ್ನು ವಿವರಿಸಬೇಕಿಲ್ಲ. ಈ ಹಿಡಿಕೆಗೂ ಒಂದು ಷರತ್ತಿದೆ: ಜೋರಾಗಿ ಕುಲುಕಿದರೆ ಹಾಳೆಗಳು ತಮ್ಮ ಸೀಳುಗಳಿಂದ ಜಾರಿ ಒಂದಕ್ಕೊಂದು ಅಂಟುತ್ತವೆ. ತಲೆಕೆಳಗು ಮಾಡದೆ, ಮೇಜಿನ ಮೇಲೆ ಇಟ್ಟೇ ಎಡಕ್ಕೂ ಬಲಕ್ಕೂ ಮೆಲ್ಲಗೆ ತಿರುವುತ್ತಿದ್ದರೆ ಸಾಕು.

ಹಾಳೆಗಳನ್ನು ತುಂಬುವುದು ಮಾತ್ರ ಪೂರ್ತಿ ಕತ್ತಲಲ್ಲೇ. ಕಣ್ಣಿನ ಕೆಲಸವನ್ನು ಬೆರಳು ಮಾಡಬೇಕು, ಅದಕ್ಕಾಗಿಯೇ ಫಿಲ್ಮ್ ಕಂಪನಿಗಳು ಪ್ರತಿ ಹಾಳೆಯ ಒಂದು ಮೂಲೆಯಲ್ಲಿ ಸಣ್ಣ ಕಚ್ಚು ಕತ್ತರಿಸಿರುತ್ತವೆ. ಹಾಳೆಯನ್ನು ಉದ್ದಕ್ಕೆ ಹಿಡಿದಾಗ ಕಚ್ಚು ಮೇಲಿನ ಬಲ ಮೂಲೆಯಲ್ಲಿ ಸಿಕ್ಕರೆ ಎಮಲ್ಶನ್, ಅಂದರೆ ಚಿತ್ರ ಹಿಡಿಯುವ ಜೆಲಟಿನ್ ಪದರು, ನಿಮ್ಮ ಕಡೆಗಿದೆ ಎಂದರ್ಥ. ಕಚ್ಚಿನ ಆಕಾರವೂ ಫಿಲ್ಮಿನಿಂದ ಫಿಲ್ಮಿಗೆ ಬೇರೆ, ಕುರುಡುಗತ್ತಲಲ್ಲೂ ಯಾವುದು ಯಾವ ಫಿಲ್ಮ್ ಅಂತ ತೋರುಬೆರಳು ಹೇಳುತ್ತದೆ. ರಾತ್ರಿ ಬಾಗಿಲ ಸಂದಿಗೆ ಟವೆಲ್ ತುರುಕಿ, ಗೋಡೆಗೆ ಬೆನ್ನು ಕೊಟ್ಟು ಬಚ್ಚಲಲ್ಲಿ ಕೂತಿದ್ದವನಿಗೆ ಹೊರಗಿನಿಂದ ಅವ್ವ ಕೂಗುತ್ತಿದ್ದಳು, "ಏ, ಇನ್ನ ಎಷ್ಟ್ ಹೊತ್ತು ಮಾಡ್ತೀ? ಕರೆಂಟ್ ಹೋಗದಿದ್ದರ ಸಹಿತ ಕತ್ಲಾಗ ಕುಂಡ್ರೋ ಮಂದಿ ಇವತ್ತೇ ನೋಡ್ದೆ."

ಡೆವಲಪರನ್ನು ಅವನು ಮನೆಯಲ್ಲೇ ಕಲಸುತ್ತಿದ್ದ. ಕೊಡಾಕಿನ ಡಿ-76 ಸೂತ್ರ ಸುಮಾರು ನೂರು ವರ್ಷದಿಂದ ಬಹಿರಂಗ: 1 ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬಿಳಿಗಾರ 2 ಗ್ರಾಂ. ಕಾಲೇಜು ಲ್ಯಾಬುಗಳಿಗೆ ಸಾಮಾನು ಕೊಡುವ ಅಂಗಡಿಯಲ್ಲಿ ಇವು ಸಿಗುತ್ತಿದ್ದವು, ತೂಗಲು ಸರಾಫ ಬಜಾರಿನಿಂದ ಬಂಗಾರದ ತಕ್ಕಡಿ ತಂದಿಟ್ಟಿದ್ದ. ಮೆಟಾಲ್ ಸಲ್ಫೈಟ್ ತುಂಬಿದ ನೀರಲ್ಲಿ ಕರಗದು, ಆದ್ದರಿಂದ ಚಿಟಿಕೆ ಸಲ್ಫೈಟ್ ಹಾಕಿ ಮೊದಲು ಅದನ್ನು ಕರಗಿಸಬೇಕು. ನೀರು 50 ಡಿಗ್ರಿ ಬಿಸಿ ಇರಬೇಕು ಅನ್ನುತ್ತದೆ ಸೂತ್ರ. ಬೇಸಿಗೆಯಲ್ಲಿ ಟಾಕಿಯ ನೀರನ್ನು ಅರ್ಧ ನಿಮಿಷ ಒಲೆಯ ಮೇಲಿಟ್ಟರೆ ಸಾಕಾಗುತ್ತಿತ್ತು.

ಇನ್ನು ತಣ್ಣಗಾಗಿಸುವ ಪ್ರಶ್ನೆ. ಮೊದಲ ಯೋಚನೆ ಎಲ್ಲರಿಗೂ ಬರುವುದು ಐಸ್. ಟಬ್ಬಿನಲ್ಲಿ ಐಸ್ ಸುರಿದು ಬಾಟಲಿ ಇಟ್ಟರೆ ಡೆವಲಪರೇನೋ 20ಕ್ಕೆ ಇಳಿಯುತ್ತದೆ. ಆದರೆ ಟ್ಯಾಂಕಿಗೆ ಸುರಿದ ಮರುಗಳಿಗೆಯಿಂದ ಕೋಣೆಯ ಸೆಕೆ ಅದನ್ನು ಮೇಲಕ್ಕೆ ಎಳೆಯುತ್ತದೆ, ಕೆಲಸ ಮುಗಿಯುವ ಹೊತ್ತಿಗೆ ಅದು 25. ಯಾವ ಅಂಕಿಗೆ ಸಮಯ ಲೆಕ್ಕ ಹಾಕುವುದು? 20ರ ಡೆವಲಪರಿನಿಂದ ತೆಗೆದ ಹಾಳೆಯನ್ನು 35ರ ನೀರಿಗೆ ಹಾಕಿದರಂತೂ ಜೆಲಟಿನ್ ಒಮ್ಮೆಲೆ ಹಿಗ್ಗಿ ಬಿರುಕು ಬಿಟ್ಟ ಎರೆಹೊಲದಂತೆ ಸುಕ್ಕಾಗುವ ಭಯ. ಎಲ್ಲ ದ್ರಾವಣಗಳೂ, ತೊಳೆಯುವ ನೀರೂ ಒಂದೆರಡು ಡಿಗ್ರಿಯೊಳಗೆ ಇರಬೇಕು, ಇದು ಶೀಟ್ ಫಿಲ್ಮಿನ ಕಡ್ಡಾಯ.

ಉತ್ತರ ಅಡಿಗೆಮನೆಯ ಮೂಲೆಯಲ್ಲಿ ಉಸುಕಿನ ಮೇಲೆ ಕೂತಿತ್ತು. ಕಲಬುರಗಿಯ ಬೇಸಿಗೆ ಒಣ ಬೇಸಿಗೆ. ಗಾಳಿಯಲ್ಲಿ ತೇವವಿಲ್ಲದ್ದರಿಂದ ಮಣ್ಣಿನ ಹರವಿ ತನ್ನ ಮೈಯಿಂದ ನೀರನ್ನು ಜಿನುಗಿಸಿ, ಆರಿಸಿ, ಒಳಗಿನ ನೀರನ್ನು ತಣ್ಣಗೆ ಇಡುತ್ತದೆ. 42 ಡಿಗ್ರಿ ಬಿಸಿಲಿನ ದಿನವೂ ಹರವಿಯ ನೀರು ಥರ್ಮಾಮೀಟರಿನಲ್ಲಿ 26-27 ತೋರಿಸುತ್ತಿತ್ತು. ಮುಖ್ಯವಾದದ್ದು ತಂಪಲ್ಲ, ಸ್ಥಿರತೆ. ಬೆಳಿಗ್ಗೆಯೂ ಅಷ್ಟೇ, ಸಂಜೆಯೂ ಹೆಚ್ಚು ಕಡಿಮೆ ಅಷ್ಟೇ. ಕಡಲ ತೀರದ ಮಂಗಳೂರಿನಲ್ಲಿ ಈ ಉಪಾಯ ನಡೆಯುವುದಿಲ್ಲ, ಅಲ್ಲಿನ ಗಾಳಿಗೆ ಕುಡಿಯುವಷ್ಟು ಬಾಯಾರಿಕೆಯಿಲ್ಲ. ಇಷ್ಟಾದ ಮೇಲೆ 20 ಎಂಬ ಅಂಕಿಯನ್ನು ಬೆನ್ನಟ್ಟುವುದನ್ನು ಬಿಟ್ಟು, ಅವನು 27ಕ್ಕೆ ತಕ್ಕಂತೆ ಕೆಲಸ ಹೊಂದಿಸಿಕೊಂಡ. ಡೆವಲಪರ್, ಹೈಪೋ, ತೊಳೆಯುವ ನೀರು ಎಲ್ಲವೂ ಹಿಂದಿನ ದಿನವೇ ಹರವಿಯ ಪಕ್ಕದ ಒದ್ದೆ ಗೋಣಿಚೀಲದ ಕೆಳಗೆ.

ಸೆಕೆಯಲ್ಲಿ ರಾಸಾಯನಿಕ ಕ್ರಿಯೆಗೆ ಅವಸರ ಹೆಚ್ಚು. ಡಿ-76ರ ಜೋಡಿಯಾದ ಐಡಿ-11ರಲ್ಲಿ, ಒಂದಕ್ಕೊಂದು ಪಾಲು ನೀರು ಬೆರೆಸಿದರೆ ಎಫ್‌ಪಿ4ಗೆ 20 ಡಿಗ್ರಿಯಲ್ಲಿ 11 ನಿಮಿಷ. ಅದೇ 27ರಲ್ಲಿ ಐದಾರು ನಿಮಿಷಕ್ಕೆ ಇಳಿಯುತ್ತದೆ, ಮಸೀದಿಯ ಚಿತ್ರಕ್ಕಾಗಿ ಇನ್ನೂ ಕಡಿಮೆ ಮಾಡಬೇಕು ಅಂದರೆ ನಾಲ್ಕು. ಐದು ನಿಮಿಷಕ್ಕಿಂತ ಕಡಿಮೆ ಸಮಯದಲ್ಲಿ ತೊಳೆದರೆ ಹಾಳೆ ಸಮವಾಗಿ ಬರುವುದಿಲ್ಲ, ಟ್ಯಾಂಕಿಗೆ ಸುರಿಯುವುದರಲ್ಲೇ ಅರ್ಧ ನಿಮಿಷ ಹೋಗಿರುತ್ತದೆ. ಆದ್ದರಿಂದ ಡೆವಲಪರನ್ನೇ ತೆಳ್ಳಗೆ ಮಾಡಬೇಕು. ಒಂದು ಪಾಲಿಗೆ ಮೂರು ಪಾಲು ನೀರು ಹಾಕಿದರೆ 20 ಡಿಗ್ರಿಯಲ್ಲಿ 20 ನಿಮಿಷ ಹಿಡಿಯುವ ಕೆಲಸ 27ರಲ್ಲಿ ಹತ್ತು ನಿಮಿಷದ ಆಸುಪಾಸಿಗೆ ಬರುತ್ತದೆ. ತೆಳ್ಳಗಿನ ಡೆವಲಪರ್ ಬಿಸಿಲು ಬಿದ್ದ ಭಾಗದಲ್ಲಿ ಬೇಗ ದಣಿದು ಸುಮ್ಮನಾಗುತ್ತದೆ, ನೆರಳಿನಲ್ಲಿ ಕೆಲಸ ಮುಂದುವರಿಸುತ್ತದೆ. ಜಾಮಿ ಮಸೀದಿಗೆ ಬೇಕಾದದ್ದೂ ಅದೇ ಅಲ್ಲವೇ? ಈ ಊರಿನ ಸೆಕೆ ಒತ್ತಾಯದಿಂದ ಮಾಡಿಸಿದ ಹೊಂದಾಣಿಕೆ ಈ ಊರಿನ ಮಸೀದಿಗೇ ಒಪ್ಪಿತು. ಕೋಷ್ಟಕದ 20ನ್ನು ದೇವರ ವಾಕ್ಯ ಮಾಡಿಕೊಂಡು ಫ್ರಿಜ್ಜಿನೊಡನೆ ಗುದ್ದಾಡುವವರನ್ನು ಕಂಡರೆ ಅವನಿಗೆ ಈಗಲೂ ಸ್ವಲ್ಪ ನಗು.

ಹಳಬರ ಬಳಿ ಬೇರೆ ಅಸ್ತ್ರಗಳೂ ಇದ್ದವು. ಉಷ್ಣ ದೇಶಗಳಿಗೆಂದೇ ಕೊಡಾಕ್ ಡಿಕೆ-15 ಎಂಬ ಸೂತ್ರ ಕೊಟ್ಟಿತ್ತು, ಅದರಲ್ಲಿ ಸೋಡಿಯಂ ಸಲ್ಫೇಟ್ ಸೇರಿಸಿ ಜೆಲಟಿನ್ ಉಬ್ಬದಂತೆ ತಡೆಯುತ್ತಿದ್ದರು. ಹೈಪೋಗೆ ಪಟಕ ಬೆರೆಸಿ ಪದರನ್ನು ಗಟ್ಟಿ ಮಾಡುತ್ತಿದ್ದರು, ಕ್ಷೌರದಂಗಡಿಯಲ್ಲಿ ಗಡ್ಡ ಕೆರೆದ ಮೇಲೆ ಉಜ್ಜುತ್ತಾರಲ್ಲ, ಅದೇ ಪಟಕ. ಇಂದಿನ ಫಿಲ್ಮುಗಳ ಜೆಲಟಿನ್ ಕಾರ್ಖಾನೆಯಲ್ಲೇ ಗಟ್ಟಿಯಾಗಿ ಬರುವುದರಿಂದ ಹರವಿಯ ನೀರಿಗೆ ಇವೆಲ್ಲ ಬೇಕಾಗಲಿಲ್ಲ. ಅಡ್ಡ ಮಾತು: ಕಲರ್ ಫಿಲ್ಮ್ ತೊಳೆಯುವ ಸಿ-41 ವಿಧಾನಕ್ಕೆ ಬೇಕಾದ ಶಾಖ 37.8 ಡಿಗ್ರಿ. ಯುರೋಪಿನವರು ಅದಕ್ಕಾಗಿ ಹೀಟರ್ ಕೊಳ್ಳುತ್ತಾರೆ.

ಇದೇ ಸೆಕೆ, ಇದೇ ನೀರು ಹಿಂದಿನವರನ್ನೂ ಕಾಡಿದೆ. ಬಾಂಬೆ ಸರ್ಕಾರ 1855ರಲ್ಲಿ ಛಾಯಾಗ್ರಾಹಕನಾಗಿ ನೇಮಿಸಿದ ಥಾಮಸ್ ಬಿಗ್ಸ್ ವಿಜಯಪುರ, ಬಾದಾಮಿ, ಐಹೊಳೆಗಳನ್ನು ಕಾಗದದ ನೆಗೆಟಿವ್‌ಗಳಲ್ಲಿ ಹಿಡಿದ. ಮರು ವರ್ಷ, 1856ರಲ್ಲಿ, ಮದರಾಸು ಸೇನೆಯ ಅಲೆಕ್ಸಾಂಡರ್ ಗ್ರೀನ್‌ಲಾ ಹಂಪಿಯಲ್ಲಿ ಹೆಚ್ಚು ಕಡಿಮೆ 16 ಇಂಚು ಅಗಲ, 18 ಇಂಚು ಉದ್ದದ ಮೇಣ ಸವರಿದ ಕಾಗದಗಳ ಮೇಲೆ ಚಿತ್ರ ತೆಗೆದ. ಆಗ ಗಾಜಿನ ಮೇಲಿನ ಒದ್ದೆ ಕೊಲೋಡಿಯನ್ ವಿಧಾನ ಬಂದಿತ್ತು, ಆದರೆ ಪ್ಲೇಟ್ ಒಣಗುವ ಮೊದಲೇ ಚಿತ್ರ ತೆಗೆದು ಅಲ್ಲೇ ತೊಳೆಯಬೇಕು. ಹಂಪಿಯ ಬಂಡೆಗಳ ನಡುವೆ ಅದು ಕಷ್ಟ. ಮೇಣದ ಕಾಗದವನ್ನು ಮುಂಚೆಯೇ ಸಿದ್ಧ ಮಾಡಿಟ್ಟು, ಆಮೇಲೆ ನಿಧಾನವಾಗಿ ತೊಳೆಯಬಹುದು. ಸುಮಾರು ನೂರಾ ಇಪ್ಪತ್ತೈದು ವರ್ಷ ಆದ ಮೇಲೆ, 1980ರ ದಶಕದಲ್ಲಿ, ಆಸ್ಟ್ರೇಲಿಯದ ಜಾನ್ ಗೋಲಿಂಗ್ಸ್ ಅದೇ ಜಾಗಗಳಲ್ಲಿ ಕ್ಯಾಮೆರಾ ನಿಲ್ಲಿಸಿ ಮತ್ತೆ ತೆಗೆದ. ಎರಡನ್ನೂ ಪಕ್ಕ ಪಕ್ಕ ಇಟ್ಟಾಗ ಯಾವ ಕಲ್ಲು ಬಿದ್ದಿದೆ, ಯಾವುದನ್ನು ಎತ್ತಿ ನಿಲ್ಲಿಸಿದ್ದಾರೆ ಎಂದು ಗೊತ್ತಾಗುತ್ತದೆ.

ಕಲಬುರಗಿ ಆಗ ನಿಜಾಮರ ಸೀಮೆ. ಆರನೆಯ ನಿಜಾಮ ಮಹಬೂಬ್ ಅಲಿ ಖಾನರ ಆಸ್ಥಾನದ ಛಾಯಾಗ್ರಾಹಕ ರಾಜಾ ದೀನ್ ದಯಾಳ್ (1844–1905) ಈ ಕೋಟೆಯ ಮಸೀದಿಯನ್ನೂ ತೆಗೆದಿದ್ದಾರೆ. ಅವರ ಕಾಲಕ್ಕೆ ಜೆಲಟಿನ್ ಬಳಿದ ಒಣ ಗಾಜಿನ ಪ್ಲೇಟ್ ಬಂದಿತ್ತು, ಅದರೊಂದಿಗೆ ಸೆಕೆಗೆ ಜೆಲಟಿನ್ ಕರಗುವ ತಲೆನೋವೂ ಬಂತು. ದೀನ್ ದಯಾಳ್ ಸ್ಟುಡಿಯೋದ 2,857 ಗಾಜಿನ ನೆಗೆಟಿವ್‌ಗಳು ಈಗ ದಿಲ್ಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರದಲ್ಲಿವೆ. ಸಣ್ಣ ಊರಿನ ಸ್ಟುಡಿಯೋಗಳ ಪ್ಲೇಟುಗಳಿಗೆ ಆ ಭಾಗ್ಯ ಇರಲಿಲ್ಲ. ಚಿತ್ರವನ್ನು ಬಿಸಿನೀರಲ್ಲಿ ಕೆರೆದು ತೆಗೆದು ಗಾಜನ್ನು ಫ್ರೇಮಿಗೆ, ಕಿಟಕಿಗೆ ಹಾಕಿಸಿಕೊಂಡವರು ಎಷ್ಟೋ ಮಂದಿ. ಅಮೆರಿಕದಲ್ಲಿ ಕೊಡಾಕ್ 1913ರಲ್ಲೇ ಗಾಜಿನ ಬದಲು ಶೀಟ್ ಫಿಲ್ಮ್ ಮಾರಲು ಶುರುಮಾಡಿತ್ತು. ಇತ್ತ ನಮ್ಮ ದೇಶದ ಆಲಪ್ಪುಳದಲ್ಲಿ ತಯಾರಾಗುತ್ತಿದ್ದ ಮರ-ಹಿತ್ತಾಳೆಯ ವಾಗೀಶ್ವರಿ ಕ್ಯಾಮೆರಾಗಳು ಸ್ಟುಡಿಯೋ ಸ್ಟುಡಿಯೋಗೆ ತಲುಪಿದವು, 1960ರಲ್ಲಿ ಸ್ಥಾಪನೆಯಾದ ಊಟಿಯ ಹಿಂದುಸ್ತಾನ್ ಫೋಟೊ ಫಿಲ್ಮ್ಸ್ ‘ಇಂದು’ ಹೆಸರಿನ ಫಿಲ್ಮನ್ನೂ ಎಕ್ಸ್-ರೇ ಫಿಲ್ಮನ್ನೂ ಮಾಡಿತು. ಆ ಕಾರ್ಖಾನೆ ಈಗ ಮುಚ್ಚಿದೆ. ಇವತ್ತು ಶೀಟ್ ಫಿಲ್ಮ್ ಬೇಕೆಂದರೆ ಆಮದು ಮಾಲೇ ಗತಿ, ಒಂದು ಹಾಳೆಯ ಬೆಲೆಯಲ್ಲಿ ಇಬ್ಬರು ಹೊಟ್ಟೆ ತುಂಬ ಊಟ ಮಾಡಬಹುದು.

ಹೈಪೋದ ಆಚೆ ಇನ್ನೊಂದು ಸಂಕಟ: ಆ ಹೈಪೋವನ್ನೇ ನೀರಿನಲ್ಲಿ ತೊಳೆದು ತೆಗೆಯುವುದು. ಪುಸ್ತಕಗಳು ಅರ್ಧ ಗಂಟೆ ಹರಿಯುವ ನೀರಿನಲ್ಲಿ ಇಡಿ ಅನ್ನುತ್ತವೆ. ನಳಕ್ಕೆ ನೀರು ಬಂದ ದಿನ ಓಣಿಯ ಹೆಣ್ಣುಮಕ್ಕಳೆಲ್ಲ ಕೊಡ ಹಿಡಿದು ನಿಂತಿರುವಾಗ ಫೋಟೊಗಾಗಿ ಅರ್ಧ ಗಂಟೆ ನೀರು ಹರಿಯಬಿಟ್ಟರೆ ಯಾರೂ ಸುಮ್ಮನಿರುವುದಿಲ್ಲ, ಇರಬಾರದು ಕೂಡ. ಇದಕ್ಕೆ ಇಲ್ಫರ್ಡ್ ಕಂಪನಿಯದೇ ಒಂದು ಮಿತವ್ಯಯದ ದಾರಿ ಇದೆ. ಟ್ಯಾಂಕಿಗೆ ನೀರು ತುಂಬಿ 5 ಸಲ ಅಲ್ಲಾಡಿಸಿ ಚೆಲ್ಲಬೇಕು, ಮತ್ತೆ ತುಂಬಿ 10 ಸಲ, ಮತ್ತೊಮ್ಮೆ 20 ಸಲ. 1 ಲೀಟರಿನ ಟ್ಯಾಂಕಿಗೆ ಮೂರೇ ಲೀಟರ್ ನೀರು. ಪಟಕ ಹಾಕದ ಹೈಪೋ ಬಳಸಿದ್ದರೆ ಇಷ್ಟು ಸಾಕು, ಗಟ್ಟಿ ಮಾಡಿದ ಪದರು ಹೈಪೋವನ್ನು ಸುಲಭವಾಗಿ ಬಿಡುವುದಿಲ್ಲ. ಹಾಗಾಗಿ ಹಳಬರ ಪಟಕ ನೀರಿಲ್ಲದ ಊರಿಗೆ ಹೊಂದುವುದಿಲ್ಲ.

ಇಲ್ಲಿನ ನೀರು ಗಡಸು. ಒಣಗಿದ ಮೇಲೆ ಹಾಳೆಯ ಮೇಲೆ ಬಿಳಿ ಸುಣ್ಣದ ವೃತ್ತಗಳು, ಅದೂ ಸರಿಯಾಗಿ ಆಕಾಶದ ಮಧ್ಯೆ. ಕೊನೆಯ ಅದ್ದುವಿಕೆಗೆ ಇನ್ವರ್ಟರ್ ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರ್ ಡಬ್ಬಿ ತರುತ್ತಿದ್ದ, ಅದರಲ್ಲಿ ನೀರು ಹನಿಗಟ್ಟದಂತೆ ಒಂದೆರಡು ಹನಿ ಫೋಟೊಫ್ಲೊ. ಮೂಲೆಗೆ ಕ್ಲಿಪ್ ಹಾಕಿ ಹಗ್ಗಕ್ಕೆ ತೂಗುಬಿಟ್ಟರೆ ಒಣ ಗಾಳಿಯಲ್ಲಿ ಹಾಳೆ ಲಗೂನೆ ಒಣಗುತ್ತದೆ. ಆ ಹೊತ್ತಿನಲ್ಲಿ ಬಚ್ಚಲಿಗೆ ಯಾರಿಗೂ ಪ್ರವೇಶವಿಲ್ಲ. ಎರೆಮಣ್ಣಿನ ಧೂಳು ಒದ್ದೆ ಜೆಲಟಿನ್ನಿಗೆ ಕೂತರೆ ಅಲ್ಲೇ ಬೇರೂರುತ್ತದೆ.

4x5 ನೆಗೆಟಿವ್‌ನ ಸುಖವೆಂದರೆ ಎನ್‌ಲಾರ್ಜರ್ ಬೇಕಿಲ್ಲ, ಕಾಗದದ ಮೇಲಿಟ್ಟು ಗಾಜು ಮುಚ್ಚಿ ಕಾಂಟ್ಯಾಕ್ಟ್ ಪ್ರಿಂಟ್ ಮಾಡಬಹುದು. ಹೈಪೋ ಕಂಡ ಆ ಹರ್ಷಲ್‌ನೇ 1842ರಲ್ಲಿ ಹೊರತಂದ ಸಯನೋಟೈಪ್‌ಗೆ ಕಬ್ಬಿಣದ ಲವಣಗಳು ಮತ್ತು ಬಿಸಿಲು ಎರಡೇ ಸಾಕು, ತೊಳೆಯಲು ಬರೀ ನೀರು. ಮಾಳಿಗೆಯ ಬಿಸಿಲಿನಲ್ಲಿ ಕೆಲವೇ ನಿಮಿಷಕ್ಕೆ ಮಸೀದಿ ಕಡುನೀಲಿಯಾಗಿ ಮೂಡುತ್ತದೆ. ಅವ್ವ ನೋಡಿ ಒಂದೇ ಮಾತು ಹೇಳಿದ್ದಳು: "ಛಲೋ ಅದ. ಇದಕ ಐಸ್ ಬ್ಯಾಡಲ್ಲ?"

ಶೀಟ್ ಫಿಲ್ಮ್ ದುಬಾರಿಯಾದಾಗ ಅಭ್ಯಾಸಕ್ಕೆ ಎಕ್ಸ್-ರೇ ಫಿಲ್ಮ್ ಒದಗಿತು. ಆಸ್ಪತ್ರೆಗಳು ಕಂಪ್ಯೂಟರಿಗೆ ಹೋದಂತೆ ಉಳಿದ ಡಬ್ಬಿಗಳು ಅಗ್ಗವಾದವು, 8x10 ಹಾಳೆಯೊಂದನ್ನು ಕತ್ತರಿಸಿದರೆ ನಾಲ್ಕು 4x5. ಈ ಫಿಲ್ಮಿಗೆ ಕೆಂಪು ಕಾಣದು, ಆದ್ದರಿಂದ ಕೆಂಪು ದೀಪದಲ್ಲಿ ಕಣ್ಣಾರೆ ನೋಡುತ್ತ ತೊಳೆಯಬಹುದು. ಎರಡೂ ಬದಿಗೆ ಎಮಲ್ಶನ್ ಇರುವುದರಿಂದ ಟ್ರೇಯ ತಳ ಸೋಕಿದರೂ ಗೀರು. ಇಲ್ಲಿ ಮತ್ತೆ ಕಾಕಾನ ಚೌಕಟ್ಟು, ಕುಟ್ಟುವುದು, ವಾಲಿಸುವುದೇ ಸರಿ. ನಾಲ್ಕು ಮೂಲೆಗಷ್ಟೇ ಕ್ಲಿಪ್ಪು, ಉಳಿದಂತೆ ಹಾಳೆಗೆ ಏನೂ ತಾಗುವುದಿಲ್ಲ.

ಆ ಫಿಲ್ಮನ್ನು ತುಂಬಿಕೊಂಡು ಅವನು ಹುಮನಾಬಾದ್ ರಸ್ತೆಯಲ್ಲಿ ಕಮಲಾಪುರಕ್ಕೆ ಹೋದ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕೆಂಪು ಬಾಳೆ ಬೆಳೆಯುವ ಊರು ಅದು. ತೋಟದ ಮಾಲೀಕ ಸಂಭ್ರಮದಿಂದ ಒಳ್ಳೆಯ ಗೊನೆ ಹುಡುಕಿ, ಎಲೆ ಸರಿಸಿ, ಪಕ್ಕದಲ್ಲಿ ಮಗನನ್ನೂ ನಿಲ್ಲಿಸಿದ. ಮುಂದಿನ ವಾರ ಪ್ರಿಂಟ್ ಕೊಟ್ಟಾಗ ಮಾಲೀಕನ ಮುಖ ಇಳಿಯಿತು. "ಏನ್ರೀ ಇದು, ಹಣ್ಣು ಸುಟ್ಟಂಗ ಕರ್ರಗ ಆಗ್ಯಾವ? ಇದನ್ನ ನೋಡಿದ್ರ ಯಾರ್ ಕೊಳ್ತಾರ?" ಕೆಂಪು ಕಾಣದ ಫಿಲ್ಮಿಗೆ ಕೆಂಪು ಹಣ್ಣು ಕಪ್ಪೇ. ಹಳೆಯ ಫೋಟೊಗಳಲ್ಲಿ ಅಜ್ಜಿಯರ ಹಣೆಯ ಕುಂಕುಮ ಮಸಿಯಂತೆ ಕಾಣುವುದು, ತುಟಿ ಕಪ್ಪಾಗಿರುವುದು ಇದೇ ಕಾರಣಕ್ಕೆ. ಸರಿ ಅಂತ ಇನ್ನೊಮ್ಮೆ ಹೋಗಿ, ಎಲ್ಲ ಬಣ್ಣ ಕಾಣುವ ಎಫ್‌ಪಿ4 ಹಾಳೆಗೆ ಕೆಂಪು ಫಿಲ್ಟರ್ ಹಾಕಿ ತೆಗೆದ, ಹರವಿಯ ನೀರಲ್ಲಿ ತೊಳೆದ. ಎಲೆಗಳು ಕಪ್ಪಾಗಿ, ಗೊನೆ ಬೆಳ್ಳಗೆ ಹೊಳೆಯುತ್ತ, ಒಂದೊಂದು ಹಣ್ಣಿನ ಸಿಪ್ಪೆಯ ಚುಕ್ಕೆಯೂ ಎಣಿಸುವಂತೆ ಬಂದಿತ್ತು. ಅವನ ಲೆಕ್ಕದಲ್ಲಿ ಅವನು ತೊಳೆದ ಹಾಳೆಗಳಲ್ಲೇ ಅತಿ ಸ್ವಚ್ಛವಾದದ್ದು ಅದು.

ರೈತ ಅದನ್ನೂ ಬೆಳಕಿಗೆ ಹಿಡಿದು ನೋಡಿದ. "ಈಗ ಬೆಳ್ಳಗ ಆಗ್ಯಾವ. ನಮ್ಮೂರಿನ ಹಣ್ಣು ಕೆಂಪ ಇರ್ತಾವ ಅಂತ ಹೇಳ್ಲಿಕ್ಕೇ ಅಲ್ಲೇನ್ರಿ ಫೋಟೊ ತೆಗೆಯೋದು?" ಮೊಬೈಲ್ ತೆಗೆದು ಇವನ ಕೈಗೆ ಕೊಟ್ಟ. ಮಗನನ್ನು ಮತ್ತೆ ಗೊನೆಯ ಪಕ್ಕ ನಿಲ್ಲಿಸಿ ಇವನು ಒಂದು ತೆಗೆದುಕೊಟ್ಟ. ತೋಟದ ಬದು ದಾಟುವಷ್ಟರಲ್ಲಿ ಅದು ರೈತನ ವಾಟ್ಸಾಪ್ ಸ್ಟೇಟಸ್ಸಿಗೆ ಏರಿತ್ತು.